ಕೆಂಡದಲ್ಲಿ ಬೆಂದ ಬಾಳೆಹಣ್ಣು

ಹಣ್ಣನ್ನು ಬೇಯಿಸಿ ತಿನ್ನುವುದೆಂದರೆ ನಮ್ಮ ಬಯಲುಸೀಮೆಯ ಮನೆಗಳಲ್ಲಿ ಹುಬ್ಬೇರಿಸುವವರೇ ಹೆಚ್ಚು. ಹಣ್ಣೆಂಬುದು ಬಿಸಿಲಿನಲ್ಲಿ ಆಗಲೇ ಪಕ್ವವಾಗಿ ಬಂದ ವಸ್ತು, ಅದಕ್ಕೆ ಮತ್ತೆ ಬೆಂಕಿಯ ಹಂಗೇಕೆ ಎಂಬುದು ಅವರ ಪ್ರಶ್ನೆ. ಮಠದ ಪ್ರಸಾದನಿಲಯದಲ್ಲಿ ಬೆಳೆದ ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು. ಅಲ್ಲಿ ಬಾಳೆಹಣ್ಣೆಂದರೆ ಹಬ್ಬದ ದಿನ ಪಂಕ್ತಿಯ ಕೊನೆಯಲ್ಲಿ ಎಲೆಯ ತುದಿಗೆ ಬಂದು ಬೀಳುವ ಒಂದು ಹಣ್ಣು, ಅಷ್ಟೆ. ಕಳೆದ ಶ್ರಾವಣಮಾಸದಲ್ಲಿ ಮುರ್ಡೇಶ್ವರದ ನಮ್ಮ ಮಗಳ ಮನೆಯಲ್ಲಿ ಕೆಲವು ವಾರ ಇರಬೇಕಾಗಿ ಬಂದಾಗ ಈ ಎಣಿಕೆ ಬದಲಾಯಿತು. ಬದಲಾದುದಕ್ಕೆ ಕಾರಣ ರುಚಿಯೊಂದೇ ಅಲ್ಲ. ಆದುದರಿಂದ ಪಾಕಕ್ರಮವನ್ನು ಹೇಳುವ ಮುನ್ನ ಅದು ನಮ್ಮ ಮನೆಗೆ ಬಂದ ಬಗೆಯನ್ನು ವಾಚಕರ ಮುಂದಿಡುತ್ತೇವೆ.

ಮುರ್ಡೇಶ್ವರವನ್ನು ಬಲ್ಲದವರು ವಿರಳ. ಮೂರು ಕಡೆ ಕಡಲು ಸುತ್ತಿದ ಕಂದುಕಗಿರಿ, ಅದರ ಮೇಲಿನ ದೇವಾಲಯ, 123 ಅಡಿ ಎತ್ತರದ ಶಿವಮೂರ್ತಿ, 2008ರಲ್ಲಿ ಮುಗಿದ ಇಪ್ಪತ್ತು ಅಂತಸ್ತುಗಳ ರಾಜಗೋಪುರ ಇವೆಲ್ಲ ಈಗ ಶಾಲೆಯ ಮಕ್ಕಳ ಪ್ರವಾಸದ ಪಟ್ಟಿಯಲ್ಲಿವೆ. ರಾವಣನು ಗೋಕರ್ಣದಲ್ಲಿ ಆತ್ಮಲಿಂಗವನ್ನು ಕೀಳಲಾರದೆ ಅದರ ಹೊದಿಕೆಗಳನ್ನು ಒಂದೊಂದು ದಿಕ್ಕಿಗೆ ಎಸೆದನೆಂದೂ, ಲಿಂಗಕ್ಕೆ ಹೊದಿಸಿದ್ದ ವಸ್ತ್ರ ಬಿದ್ದ ಎಡೆಯೇ ಮೃಡೇಶ್ವರವೆಂದೂ ಸ್ಥಳಪುರಾಣ. ಕರಸ್ಥಲದಲ್ಲಿ ಇಷ್ಟಲಿಂಗವನ್ನು ಧರಿಸಿದವರಿಗೆ ಈ ಕಥೆಯನ್ನು ಕೇಳುವಾಗ ಒಂದು ಬಗೆಯ ಮಂದಹಾಸ ಬರುವುದು ಸಹಜ. ಅದಿರಲಿ. ನಮ್ಮ ಅಳಿಯಂದಿರ ಮನೆ ಇರುವುದು ದೇವಾಲಯದ ಗದ್ದಲದಿಂದ ದೂರ, ಬಸ್ತಿಮಕ್ಕಿಯ ಕಡೆಗೆ, ತೆಂಗಿನ ತೋಟದೊಳಗಿನ ಒಂದು ಬಾಡಿಗೆಯ ಹೆಂಚಿನ ಮನೆ. ಅಲ್ಲಿ ಆಗ ನಾವಲ್ಲದೆ ಅಳಿಯಂದಿರ ತಾಯಿಯವರೂ ಇದ್ದರು. ಅವರು ರಾಣೇಬೆನ್ನೂರಿನ ಕಡೆಯವರು. ಎಪ್ಪತ್ತು ದಾಟಿದ್ದರೂ ಮೂರು ಹೊತ್ತು ಲಿಂಗಪೂಜೆಯನ್ನು ತಪ್ಪಿಸಿದವರಲ್ಲ, ಲಿಂಗಕ್ಕೆ ಅರ್ಪಿಸದೆ ಒಂದು ಗುಟುಕು ನೀರನ್ನೂ ಕೊಂಡವರಲ್ಲ.

ಮೊಮ್ಮಗನಿಗೆ ಎಂಟು ತುಂಬಿದ ದಿನ. ಪೇಟೆಯ ಒಂದು ಅಂಗಡಿಯಿಂದ ಕೇಕು ಬಂದಿತು. ಮೊಟ್ಟೆ ಹಾಕದ ಕೇಕು ಬೇಕೆಂದು ಅಳಿಯಂದಿರು ಎರಡು ಬಾರಿ ಹೇಳಿ ತಂದಿದ್ದರು. ಕೂಸು ಕತ್ತರಿಸಿದ ಮೊದಲ ತುಂಡನ್ನು ಅಜ್ಜಿಯ ಬಾಯಿಗೆ ಇಡಲು ಹೋಯಿತು. ಬೀಗಿತ್ತಿಯವರು ಅದನ್ನು ಅಂಗೈಯಲ್ಲಿ ತಡೆದು, "ಇದರಾಗ ತತ್ತಿ ಇಲ್ಲಲ್ಲ?" ಎಂದು ಕೇಳಿದರು. ಇಲ್ಲವೆಂದರೂ ಅವರಿಗೆ ಸಮಾಧಾನವಾಗಲಿಲ್ಲ. ಅಳಿಯಂದಿರು ಅಂಗಡಿಗೆ ದೂರವಾಣಿ ಮಾಡಿ ವಿಚಾರಿಸಿದರು. ಆ ದಿನ ಮೊಟ್ಟೆಯಿಲ್ಲದ್ದು ಮುಗಿದಿತ್ತೆಂದೂ ಹುಡುಗ ತಿಳಿಯದೆ ಬೇರೆಯದನ್ನು ಕಟ್ಟಿಕೊಟ್ಟನೆಂದೂ ಉತ್ತರ ಬಂದಿತು. ಬೀಗಿತ್ತಿಯವರು ಸಿಟ್ಟಾಗಲಿಲ್ಲ. ತುಂಡನ್ನು ತಟ್ಟೆಯಲ್ಲಿಟ್ಟು, "ಲಿಂಗಕ್ಕ ತೋರಿಸಲಾರದ್ದನ್ನ ನಾ ಹೆಂಗ ತಿನ್ನಲಿ, ಕೂಸ?" ಎಂದು ಕೈ ತೊಳೆಯಲು ಎದ್ದುಹೋದರು. ಎಂಟು ವರ್ಷದ ಮಗುವಿಗೆ ಇದರಲ್ಲಿ ಕಂಡದ್ದು ಒಂದೇ: ಅಜ್ಜಿ ತನ್ನ ಕೈಯ ತುತ್ತನ್ನು ಬೇಡವೆಂದಳು. ಅಂದಿನಿಂದ ಅವನು ಅಜ್ಜಿಯ ಬಳಿ ಮಲಗಲು ಹೋಗಲಿಲ್ಲ. ರಾತ್ರಿಯ ಕಥೆ ನಿಂತಿತು. ಮುದುಕಿ ವಿಭೂತಿ ಹಚ್ಚಲು ಕರೆದರೆ ಹಣೆಯನ್ನು ಒಡ್ಡಿ ಮಾತಿಲ್ಲದೆ ಹೋಗುತ್ತಿದ್ದ. ಮನೆ ಸಣ್ಣದು, ಹೊರಗೆ ಬಿಡದ ಮಳೆ, ಒಳಗೆ ಈ ಮೌನ. ನಾಲ್ಕು ದಿನದಲ್ಲಿ ನಮಗೇ ಉಸಿರು ಕಟ್ಟಿದಂತಾಯಿತು.

ಇಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚಿಡದೆ ಹೇಳಬೇಕು. ಬೀಗಿತ್ತಿಯವರ ನಡೆಯನ್ನು ಹಳೆಯ ಕಾಲದ ಹಟವೆಂದು ತಳ್ಳಿಹಾಕಲು ಬರುವುದಿಲ್ಲ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು, ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವು ಮೂರನೆಯದು. ಅನರ್ಪಿತವನ್ನು ಕೊಳ್ಳದಿರುವುದು ಒಬ್ಬ ಭಕ್ತನ ಬದುಕಿನ ಹುರಿ. ಆದರೆ ಅದೇ ಪ್ರಸಾದತತ್ತ್ವವು ಹಂಚಿ ಉಣ್ಣುವುದನ್ನೂ ಹೇಳುತ್ತದೆ. ಕಲ್ಯಾಣದ ಪ್ರಸಾದಕುಂಡದ ಬಳಿ ಯಾರ ಕಣ್ಣಿಗೂ ಬೀಳದೆ ಬಾಳಿದ ಮರುಳಶಂಕರದೇವನ ವೃತ್ತಾಂತವನ್ನು ಶೂನ್ಯಸಂಪಾದನೆಯಲ್ಲಿ ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೂಸಿನ ತುತ್ತು ಮತ್ತು ಮುದುಕಿಯ ವ್ರತ ಎರಡೂ ಉಳಿಯಬೇಕಾದರೆ ಬೇಕಾದದ್ದು ಉಪದೇಶವಲ್ಲ, ಲಿಂಗಕ್ಕೂ ಸಲ್ಲುವ ಕೂಸಿಗೂ ಒಪ್ಪುವ ಒಂದು ಪದಾರ್ಥ. ಹೋಳಿಗೆ ಮಾಡೋಣವೆಂದರೆ ಮೊಮ್ಮಗನ ಹಟ ಬೇರೆ: ಕೇಕಿನಂತೆ "ಬೇಕ್" ಮಾಡಿದ್ದೇ ಆಗಬೇಕು, ತಾನೇ ಕತ್ತರಿಸಬೇಕು.

ಮಗಳ ಅಡುಗೆಮನೆಯಲ್ಲಿ ಒಂದು ವಿದ್ಯುತ್ ಓವನ್ ಇತ್ತು. ಅವಳು ಯಾವುದೋ ಪುಸ್ತಕದಲ್ಲಿ ಸೇಬಿನ ಪಾಕವೊಂದನ್ನು ಓದಿದ್ದಳು. ಸೇಬಿನ ನಡುವಿನ ಬೀಜಕೋಶವನ್ನು ಕೊರೆದು ತೆಗೆದು, ಆ ಗುಳಿಯಲ್ಲಿ ಒಣದ್ರಾಕ್ಷಿ, ಸಕ್ಕರೆ, ಬೆಣ್ಣೆ, ದಾಲ್ಚಿನ್ನಿಗಳನ್ನು ತುಂಬಿ ಇಡಿಯಾಗಿ ಬೇಯಿಸುವುದು. ಜರ್ಮನರು ಇದನ್ನು ಬ್ರಾಟ್‌ಆಪ್ಫೆಲ್ ಎಂದು ಕರೆದು ಚಳಿಗಾಲದಲ್ಲಿ, ಕ್ರಿಸ್ತಜಯಂತಿಯ ಹೊತ್ತಿಗೆ ವಿಶೇಷವಾಗಿ ಮಾಡುತ್ತಾರೆ. ಇಂಗ್ಲಿಷರ ಮನೆಗಳಲ್ಲಿಯೂ ಇದು ಹಳೆಯ ತಿನಿಸು. ಸೇಬು ಅವರ ಹಿತ್ತಿಲ ಮರ, ಆದುದರಿಂದ ಅವರಿಗೆ ಅದು ಸಲ್ಲುತ್ತದೆ. ನಮ್ಮ ಕೆಂಪು ಸೇಬಿಗಾದರೋ ದೊಡ್ಡ ಪ್ರಯಾಣ. ಅಮೆರಿಕದಿಂದ ಬಂದ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬವರು 1910ರ ದಶಕದಲ್ಲಿ ಹಿಮಾಚಲದ ಕೋಟ್‌ಗಢದಲ್ಲಿ ನೆಟ್ಟ ಗಿಡಗಳಿಂದ ಅಲ್ಲಿಯ ಸೇಬಿನ ಬೇಸಾಯ ಬೆಳೆಯಿತು, ಅವರು ಮುಂದೆ ಸತ್ಯಾನಂದ ಸ್ಟೋಕ್ಸ್ ಎಂದು ಹೆಸರು ಬದಲಿಸಿಕೊಂಡರು. ಅಷ್ಟು ದೂರದಿಂದ ಭಟ್ಕಳದ ಮಾರುಕಟ್ಟೆಗೆ ಬಂದ ಸೇಬು ನಮ್ಮ ಓವನ್ನಿನಲ್ಲಿ ಸಿಡಿದು ಸಿಪ್ಪೆ ಬೇರೆ, ತಿರುಳು ಬೇರೆ ಆಯಿತು. ಬಾಯಿಗೆ ಹುಳಿಹುಳಿ, ಮೇಲೆ ಒಂದು ಮಾದರಿಯ ಗಂಜಿ. ಮೊಮ್ಮಗ ಒಂದು ಚಮಚ ತಿಂದು ತಟ್ಟೆಯನ್ನು ಸರಿಸಿದ. ಅದನ್ನು ಚೆಲ್ಲಲಾಗದು, ಮಗಳೂ ನಾವೂ ಎರಡು ದಿನ ತಿಂದು ತೀರಿಸಿದೆವು.

ಈ ಸೇಬಿನ ಸುದ್ದಿ ಬೇಲಿ ದಾಟಿ ನೆರೆಮನೆಗೆ ಹೋಗಿತ್ತು. ಆ ಮನೆಯವರು ಕಡಲಿಗೆ ಹೋಗುವ ಮನೆತನದವರು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಇರುವ ಮಳೆಗಾಲದ ನಿರ್ಬಂಧ ಜುಲೈ 31ಕ್ಕೆ ಮುಗಿದಿದ್ದು, ಯಜಮಾನರು ಆಗಷ್ಟೇ ಮತ್ತೆ ಕಡಲಿಗೆ ಇಳಿದಿದ್ದರು. ಅವರ ಹೆಂಡತಿ ಐವತ್ತರ ಆಸುಪಾಸಿನ ಹೆಂಗಸು. ಬೇಲಿಯ ಆಚೆ ನಿಂತು ಮಗಳಿಗೆ ಹೇಳಿದರು: "ಸೇಬು ಎಂತಕ್ಕೆ ಮಾರಾಯ್ರೆ? ನೇಂದ್ರಬಾಳೆ ತರ್ಸಿ. ಕಾಯಿ-ಬೆಲ್ಲ ತುಂಬಿ ಕೆಂಡದಲ್ಲಿ ಇಟ್ರೆ ನಿಮ್ಮ ಕೇಕಿಗಿಂತ ಲಾಯ್ಕಾಗ್ತದೆ. ನನ್ನ ಅಮ್ಮ ಮಾಡ್ತಿದ್ರು." ಹೇಳಿದವರು ಒಂದು ಗಳಿಗೆ ತಡೆದು, ನಮ್ಮ ಬೀಗಿತ್ತಿಯವರು ಪಡಸಾಲೆಯಲ್ಲಿ ಕುಳಿತಿದ್ದುದನ್ನು ಕಂಡು, ದನಿ ತಗ್ಗಿಸಿ ಸೇರಿಸಿದರು: "ನಮ್ಮ ಮನೆ ಪಾತ್ರೆ ಬೇಡ, ನಿಮ್ದೇ ಇರ್ಲಿ. ಒಲೆಯೂ ನಿಮ್ದೇ. ನಾನು ಹೊರಗೆ ನಿಂತು ಹೇಳ್ತೆ."

ಆ ಮಾತು ನಮ್ಮನ್ನು ನಾಚಿಸಿತು. ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಶಿವನು ಸವಿದ ಕಥೆಯನ್ನು ನಾವು ನಲವತ್ತು ವರ್ಷ ವೇದಿಕೆಗಳ ಮೇಲೆ ಹೇಳಿದ್ದೇವೆ. ನೆರೆಯ ಹೆಣ್ಣುಮಗಳೊಬ್ಬಳು ನಮ್ಮ ಮನೆಗೆ ಒಂದು ಉಪಕಾರ ಮಾಡುವಾಗಲೂ ತನ್ನ ಪಾತ್ರೆಯ ಬಗ್ಗೆ ಮೊದಲೇ ಕ್ಷಮೆ ಕೇಳಿಕೊಳ್ಳುವಂತೆ ನಮ್ಮಂಥವರ ಮುಖದಲ್ಲಿ ಅದೇನು ಬರೆದಿತ್ತೋ. ಮೀನು ಬೇಯಿಸಿದ ಮಡಕೆಯಲ್ಲಿ ನೈವೇದ್ಯ ಮಾಡಲಾಗದೆಂಬುದು ಒಂದು ಮಾತು, ಅದು ಆಹಾರದ ನಿಯಮ. ಮನುಷ್ಯರು ಹೊರಗೆ ನಿಲ್ಲಬೇಕೆಂಬುದು ಬೇರೆಯೇ ಮಾತು, ಅದಕ್ಕೆ ಶರಣಧರ್ಮದಲ್ಲಿ ಎಡೆಯಿಲ್ಲ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟುಕೊಂಡಿರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ನಾವು ಎದ್ದುಹೋಗಿ ಅವರನ್ನು ಒಳಗೆ ಕರೆದೆವು. ಬೀಗಿತ್ತಿಯವರು ಏನೂ ಅನ್ನಲಿಲ್ಲ, ಕರೆಯಲೂ ಇಲ್ಲ.

ಇನ್ನು ಪಾಕದ ವಿಚಾರ. ಹಣ್ಣಿನೊಳಗೆ ಕಾಯಿ-ಬೆಲ್ಲದ ಹೂರಣ ತುಂಬುವ ಪದ್ಧತಿ ಪಶ್ಚಿಮದ ಕರಾವಳಿಯ ಉದ್ದಕ್ಕೂ ಇದೆ. ಕೊಂಕಣದವರು ತುಂಬಿದ ಬಾಳೆಹಣ್ಣನ್ನು ತುಪ್ಪದಲ್ಲಿ ಬಾಡಿಸುತ್ತಾರೆ, ಮಲಬಾರಿನವರು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಕೆಂಡವನ್ನು ಮುಚ್ಚಳದ ಮೇಲೂ ಹರಡಿ ಬೇಯಿಸುವ ಕ್ರಮವೂ ಈ ಕಡೆಯ ಮನೆಗಳಿಗೆ ಹೊಸತಲ್ಲ, ಸೌತೆಕಾಯಿ ಬೆರೆಸಿದ ಕೊಂಕಣಿಗರ ತವಸೊಳಿ ಹಾಗೆಯೇ ಆಗುತ್ತಿತ್ತು. ಓವನ್ ಎಂಬುದು ಬರುವ ಮೊದಲೇ ಮೇಲಿನಿಂದಲೂ ಕೆಳಗಿನಿಂದಲೂ ಕಾವು ಕೊಡುವ ಜಾಣ್ಮೆ ನಮ್ಮವರಿಗಿತ್ತು. ಕನ್ನಡದಲ್ಲಿ ಪಾಕಶಾಸ್ತ್ರವನ್ನು ಬರೆದಿಟ್ಟ ಪರಂಪರೆಯೂ ಹಳೆಯದು. ಕ್ರಿ.ಶ. 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಯ ಭಾಗವಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ 'ಸೂಪಶಾಸ್ತ್ರ'ವನ್ನೇ ರಚಿಸಿದನು. ನಮ್ಮ ವಾಚಕರು ವಿಶೇಷವಾಗಿ ನೆನೆಯಬೇಕಾದದ್ದು ಕೆಳದಿಯ ಬಸವರಾಜನ 'ಶಿವತತ್ತ್ವರತ್ನಾಕರ'ವನ್ನು. ಹೊನ್ನಾವರ, ಭಟ್ಕಳಗಳನ್ನೊಳಗೊಂಡ ಈ ಕರಾವಳಿಯನ್ನೂ ಆಳಿದ ಆ ವೀರಶೈವ ಅರಸನು 18ನೆಯ ಶತಮಾನದ ಮೊದಲಲ್ಲಿ ಸಂಸ್ಕೃತದಲ್ಲಿ ಬರೆದ ಆ ವಿಶ್ವಕೋಶದಲ್ಲಿ ರಾಜನೀತಿ, ಸಂಗೀತ, ವೈದ್ಯಗಳ ಜೊತೆಗೆ ಅಡುಗೆಯ ವಿಷಯವೂ ಬಂದಿದೆ. ಅರಸನಾದವನು ಬರೆಯಲು ನಾಚದ ವಿಷಯವನ್ನು ನಾವು ಬರೆಯಲು ನಾಚಬೇಕಾಗಿಲ್ಲ.

ಹಣ್ಣಿನ ಆಯ್ಕೆಯೇ ಇಲ್ಲಿ ಮುಕ್ಕಾಲು ಕೆಲಸ. ಏಲಕ್ಕಿ ಬಾಳೆಯಾಗಲಿ ಪಚ್ಚಬಾಳೆಯಾಗಲಿ ಕಾವಿಗೆ ಕರಗಿ ಮುದ್ದೆಯಾಗುತ್ತದೆ. ನೇಂದ್ರವೇ ಬೇಕು. ಅದರಲ್ಲಿ ಪಿಷ್ಟ ಹೆಚ್ಚು, ಆದುದರಿಂದ ಬೆಂದರೂ ಆಕಾರ ಕೆಡುವುದಿಲ್ಲ. ಆದರೆ ಆ ಪಿಷ್ಟವು ಸಿಹಿಯಾಗಿ ಮಾರ್ಪಡಲು ದಿನಗಳು ಬೇಕು. ನಾವು ತಂದ ದಿನವೇ, ಸಿಪ್ಪೆ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿದ್ದಾಗಲೇ ಮಾಡಹೊರಟೆವು. ನೆರೆಮನೆಯವರು ಬೆರಳಿಂದ ಒತ್ತಿ ನೋಡಿ, ಇನ್ನೂ ಮೂರು ದಿನ ಎಂದರು. ಸಿಪ್ಪೆಯ ಮೇಲೆ ಕರಿಯ ಚುಕ್ಕೆಗಳು ದಟ್ಟವಾಗಿ ಬಂದು, ತೊಟ್ಟು ಮಾತ್ರ ಗಟ್ಟಿಯಾಗಿರಬೇಕು. ಪೂರ್ತಿ ಕರಿದಾದರೆ ತುಂಬುವಾಗ ಒಡೆಯುತ್ತದೆ. ಮಾರುವವರು ಬೆಲೆ ಇಳಿಸಿ ಬದಿಗಿಡುವ ಗೊನೆಯೇ ಈ ಕೆಲಸಕ್ಕೆ ಸರಿ. ನೈವೇದ್ಯಕ್ಕೆಂದು ತಂದು ಉಳಿದು ಕಪ್ಪಾಗುತ್ತಿರುವ ಹಣ್ಣನ್ನು ತಿಪ್ಪೆಗೆ ಸೇರಿಸುವ ಮನೆಯವರು ಇದನ್ನು ಗಮನಿಸಬೇಕೆಂದು ಪ್ರಾರ್ಥನೆ.

ಬೆಲ್ಲದಲ್ಲಿಯೂ ನಾವು ಒಮ್ಮೆ ಎಡವಿದೆವು. ಉತ್ತರಕನ್ನಡದ ಜೋನಿ ಬೆಲ್ಲದ ಪರಿಮಳಕ್ಕೆ ಸಾಟಿಯಿಲ್ಲ, ದೋಸೆಗೆ ಅದರಷ್ಟು ಒಪ್ಪುವುದು ಬೇರಿಲ್ಲ. ಆ ಮೋಹದಿಂದ ಹೂರಣಕ್ಕೂ ಅದನ್ನೇ ಸುರಿದೆವು. ಅದು ನೀರಾಗಿ, ಹಣ್ಣಿನ ಬಾಯಿಯಿಂದ ಹರಿದು, ಪಾತ್ರೆಯ ತಳದಲ್ಲಿ ಸೀದು, ಮನೆಯೆಲ್ಲ ಕಮಟು ಹೊಗೆ. ಬೀಗಿತ್ತಿಯವರು ಕೆಮ್ಮುತ್ತ ಅಡುಗೆಮನೆಗೆ ಬಂದು, ಪಾತ್ರೆಯನ್ನು ನೋಡಿ, "ಹೂರಣಕ್ಕ ನೀರಬೆಲ್ಲ ಯಾರರ ಹಾಕ್ತಾರೇನ್ರಿ? ಹೋಳಗಿ ಮಾಡಿದವರ ಕೈ ಅಲ್ಲ ಇದು" ಎಂದರು. ಐದು ದಿನಗಳಲ್ಲಿ ಆ ವಿಷಯವಾಗಿ ಅವರಾಡಿದ ಮೊದಲ ಮಾತು ಅದು. ಹೂರಣದ ಹೊಣೆ ಆ ಕ್ಷಣದಿಂದ ಅವರದಾಯಿತು. ನಾವು ಸಂತೋಷದಿಂದ ಸೌಟನ್ನು ಬಿಟ್ಟುಕೊಟ್ಟೆವು.

ಅವರ ಕೈಯಿಂದ ಸಿದ್ಧವಾದ ಪ್ರಮಾಣ ಹೀಗಿದೆ. ಆರು ನೇಂದ್ರಬಾಳೆಹಣ್ಣುಗಳಿಗೆ ಒಂದು ಬಟ್ಟಲು ಹಸಿ ಕಾಯಿತುರಿ, ಅರ್ಧ ಬಟ್ಟಲು ಕುಟ್ಟಿದ ಅಚ್ಚುಬೆಲ್ಲ, ಎರಡು ಚಮಚ ಹುರಿದ ಬಿಳಿ ಎಳ್ಳು, ಹನ್ನೆರಡು ಗೇರುಬೀಜ, ಒಂದು ಹಿಡಿ ಒಣದ್ರಾಕ್ಷಿ, ನಾಲ್ಕು ಏಲಕ್ಕಿ, ಎರಡು ಕಾಳು ಮೆಣಸು, ಹುರಿದು ಪುಡಿಮಾಡಿದ ತೆಳು ಅವಲಕ್ಕಿ ಎರಡು ಚಮಚ, ತುಪ್ಪ ಮೂರು ಚಮಚ, ಉಪ್ಪು ಎರಡೇ ಹರಳು. ಅವಲಕ್ಕಿಯ ಪುಡಿಯೇ ಗುಟ್ಟು. ಬೆಲ್ಲ ಕಾವಿನಲ್ಲಿ ಬಿಡುವ ರಸವನ್ನು ಅದು ಹೀರಿ ಹಿಡಿದಿಡುತ್ತದೆ. ಮೆಣಸು ಹಾಕಿಸಿದವರು ನೆರೆಮನೆಯವರು. ನೇಂದ್ರ ಹೊಟ್ಟೆಗೆ ಭಾರ, ಅದಕ್ಕೆ ಅದು ಬೇಕೇಬೇಕೆಂದರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಸೀಮೆಯಲ್ಲಿ ಈ ಮಾತನ್ನು ಮೀರಲಾದೀತೆ? ಗೇರಿನ ವಿಷಯದಲ್ಲಿಯೂ ಒಂದು ಮಾತು. ಈಗ ನಾವು ತಿನ್ನುವ ಗೇರುಬೀಜದ ಮರ ಬ್ರೆಜಿಲ್ ದೇಶದ್ದು, 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಬಂದದ್ದು. ಆದರೆ ಗೇರುಸೊಪ್ಪೆಗೆ ಸಂಸ್ಕೃತದಲ್ಲಿ ಭಲ್ಲಾತಕೀಪುರವೆಂದು ಹೆಸರು. ಭಲ್ಲಾತಕವೆಂದರೆ ನಮ್ಮ ಕಾಡಿನ ಕರಿಗೇರು. ಹೆಸರು ಹಳೆಯ ಮರದ್ದು, ಬೀಜ ಹೊಸ ಮರದ್ದು.

ಬಾಣಲೆಯಲ್ಲಿ ಒಂದು ಚಮಚ ತುಪ್ಪ ಕಾಯಿಸಿ ಗೇರುಬೀಜ, ದ್ರಾಕ್ಷಿಗಳನ್ನು ಹುರಿದು ತೆಗೆದಿಡಬೇಕು. ಬೆಲ್ಲಕ್ಕೆ ಎರಡೇ ಚಮಚ ನೀರು ಹಾಕಿ ಕರಗಿಸಿ, ಕಸವಿದ್ದರೆ ಸೋಸಿ, ಅದಕ್ಕೆ ಕಾಯಿತುರಿ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಬೇಕು. ಐದಾರು ನಿಮಿಷದಲ್ಲಿ ತಳ ಬಿಟ್ಟು ಒಂದುಗೂಡುತ್ತದೆ. ಪೂರ್ತಿ ಒಣಗಿಸಿದರೆ ಮುಂದೆ ಕೆಂಡದಲ್ಲಿ ಗಟ್ಟಿಯಾದೀತು, ಬೆರಳಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟಾದರೆ ಸಾಕು. ಇಳಿಸಿ ಎಳ್ಳು, ಅವಲಕ್ಕಿ ಪುಡಿ, ಏಲಕ್ಕಿ-ಮೆಣಸಿನ ಪುಡಿ, ಉಪ್ಪು, ಹುರಿದ ಗೇರು-ದ್ರಾಕ್ಷಿಗಳನ್ನು ಬೆರೆಸಿ ಆರಲು ಬಿಡಬೇಕು. ಬಿಸಿ ಹೂರಣ ತುಂಬಿದರೆ ಹಣ್ಣು ಅಲ್ಲಿಯೇ ಮೆತ್ತಗಾಗುತ್ತದೆ.

ಸಿಪ್ಪೆ ಸುಲಿದ ಹಣ್ಣನ್ನು ಸೀಳುವ ಕೆಲಸ ಸೂಕ್ಷ್ಮ. ಬಾಳೆಹಣ್ಣಿನ ತಿರುಳಿಗೆ ಹುಟ್ಟಿನಿಂದಲೇ ಮೂರು ಎಸಳುಗಳಿವೆ. ತುದಿಯನ್ನು ಮೆಲ್ಲನೆ ಒತ್ತಿದರೆ ಅದು ತಾನಾಗಿ ಮೂರಾಗಿ ಬಿಡುವುದನ್ನು ಮಕ್ಕಳು ಕೂಡ ಬಲ್ಲರು. ಆ ಜೋಡಣೆಯ ಗೆರೆಯಲ್ಲೊಂದನ್ನು ಹುಡುಕಿ, ಎರಡು ತುದಿಗಳಲ್ಲಿ ಒಂದೊಂದು ಬೆರಳಗಲ ಬಿಟ್ಟು, ನಡುವಿನವರೆಗೆ ಮಾತ್ರ ಚೂರಿಯ ಮೊನೆಯಿಂದ ಸೀಳಬೇಕು. ಬಲವಂತವಾಗಿ ಬೇರೆಡೆ ಸೀಳಿದರೆ ಹಣ್ಣು ಎರಡಾಗುತ್ತದೆ. ಒಳಗಿರುವ ಕರಿಯ ಬೀಜದ ಎಳೆಯನ್ನು ಚಮಚದ ಹಿಡಿಯಿಂದ ಕೆರೆದು ತೆಗೆದರೆ ಹೂರಣಕ್ಕೆ ತೊಟ್ಟಿಲಿನಂಥ ಜಾಗವಾಗುತ್ತದೆ. ಹೂರಣವನ್ನು ಒತ್ತಿ ತುಂಬದೆ, ಹಣ್ಣಿನ ಎರಡು ಬದಿಗಳು ಹತ್ತಿರಹತ್ತಿರ ಕೂಡುವಷ್ಟೇ ತುಂಬಿ, ಮೇಲೆ ತುಪ್ಪ ಸವರಬೇಕು.

ಸುತ್ತುವುದಕ್ಕೆ ಎಲೆ. ಬಾಳೆಯ ಎಲೆಯನ್ನು ಬೆಂಕಿಯ ಮೇಲೆ ಆಡಿಸಿ ಬಾಡಿಸಿಕೊಂಡರೆ ಮಡಿಸುವಾಗ ಹರಿಯುವುದಿಲ್ಲ. ಅದರ ಒಳಗೆ ಒಂದು ಅರಿಶಿನದ ಎಲೆಯನ್ನು ಹಾಸಬೇಕೆಂದು ನೆರೆಮನೆಯವರು ತಮ್ಮ ಹಿತ್ತಿಲಿಂದ ಒಂದು ಹೊರೆಯನ್ನೇ ಕೊಯ್ದು ತಂದರು. ಶ್ರಾವಣದಲ್ಲಿ ಈ ಎಲೆಗೆ ಯೌವನ. ನಾಗರಪಂಚಮಿಗೆ ಕರಾವಳಿಯ ಮನೆಗಳಲ್ಲಿ ಅರಿಶಿನ ಎಲೆಯ ಕಡುಬು ಆಗುವುದು ಅದಕ್ಕೇ. ಕಾವು ತಗುಲಿದಾಗ ಅದು ಬಿಡುವ ಪರಿಮಳವನ್ನು ಬಯಲುಸೀಮೆಯವರಿಗೆ ಬರವಣಿಗೆಯಲ್ಲಿ ತಿಳಿಸಲು ನಮ್ಮಿಂದಾಗದು. ಬೀಗಿತ್ತಿಯವರು ಒಂದು ಎಲೆಯನ್ನು ತೆಗೆದು ಕೈಯಲ್ಲಿ ಹಿಸುಕಿ ಮೂಗಿಗೆ ಹಿಡಿದು ಬಹಳ ಹೊತ್ತು ಕುಳಿತಿದ್ದರು. ಆಮೇಲೆ ನೆರೆಮನೆಯವರ ಕಡೆಗೆ ತಿರುಗಿ, "ಇದು ನಮ್ಮ ಕಡೆ ಮಣ್ಣಾಗ ಬರತೈತೇನ, ತಂಗಿ?" ಎಂದು ಕೇಳಿದರು. ನೆಲದ ಮೇಲೆ ಇಬ್ಬರೂ ಎದುರುಬದುರಾಗಿ ಕುಳಿತು ಎಲೆ ಒರೆಸತೊಡಗಿದರು.

ಮಳೆಯಾದ್ದರಿಂದ ಅಂಗಳದಲ್ಲಿ ಒಲೆ ಹೂಡುವಂತಿರಲಿಲ್ಲ. ಬಚ್ಚಲೊಲೆಯಲ್ಲಿ ತೆಂಗಿನ ಚಿಪ್ಪುಗಳನ್ನು ಉರಿಸಿ ಕೆಂಡ ಮಾಡಿಕೊಂಡೆವು. ಚಿಪ್ಪಿನ ಕೆಂಡಕ್ಕೆ ಹೊಗೆ ಕಡಿಮೆ, ಕಾವು ದೀರ್ಘ. ದಪ್ಪ ತಳದ ಪಾತ್ರೆಯಲ್ಲಿ ಮೊದಲು ಬಾಳೆಯೆಲೆಯ ದಂಟಿನ ತುಂಡುಗಳನ್ನು ಅಡ್ಡಡ್ಡ ಜೋಡಿಸಿ, ಅದರ ಮೇಲೆ ಎಲೆಯ ಪೊಟ್ಟಣಗಳನ್ನು ಮಡಿಕೆ ಕೆಳಗಾಗುವಂತೆ ಇಡಬೇಕು. ದಂಟು ತಳದ ಉರಿಯನ್ನು ತಡೆದು ತೇವವನ್ನೂ ಕೊಡುತ್ತದೆ. ಗಟ್ಟಿಯಾದ ತಟ್ಟೆಯನ್ನು ಮುಚ್ಚಿ, ಕೆಳಗೆ ಒಂದು ಪಾಲು ಕೆಂಡ, ಮೇಲೆ ಎರಡು ಪಾಲು ಕೆಂಡ. ಇದು ತಲೆಕೆಳಗಾದರೆ ತಳ ಕರಕಾಗಿ ಮೇಲು ಹಸಿಯಾಗಿ ಉಳಿಯುತ್ತದೆ. ನಾವು ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡಲು ಹೋದಾಗ, "ಕೆಂಡಕ್ಕೆ ಅವಸರ ಇಲ್ಲ ಮಾರಾಯ್ರೆ, ಮೂಗು ಹೇಳ್ತದೆ" ಎಂದು ನೆರೆಮನೆಯವರು ತಡೆದರು. ಸುಮಾರು ಅರ್ಧ ಗಂಟೆಗೆ ಮೂಗು ಹೇಳಿತು. ಮೊದಲು ಎಲೆಯ ವಾಸನೆ, ಆಮೇಲೆ ಕಾಯಿಯದು, ಕೊನೆಗೆ ಬೆಲ್ಲ ಕಂದುವ ವಾಸನೆ. ಮೂರನೆಯದು ಬಂದೊಡನೆ ಕೆಳಗಿನ ಕೆಂಡವನ್ನು ಎಳೆದು, ಪೊಟ್ಟಣಗಳ ಬಾಯಿ ಬಿಚ್ಚಿ, ಮೇಲಿನ ಕೆಂಡ ಮಾತ್ರ ಐದು ನಿಮಿಷ ಇಟ್ಟರೆ ಹಣ್ಣಿನ ಮೈ ಹೊಂಬಣ್ಣಕ್ಕೆ ತಿರುಗುತ್ತದೆ.

ಓವನ್ ಇರುವವರಿಗೆ ಇಷ್ಟು ಪಾಡಿಲ್ಲ. 180 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿಟ್ಟು, ಪೊಟ್ಟಣಗಳನ್ನು 25 ನಿಮಿಷ ಬೇಯಿಸಿ, ಎಲೆ ಬಿಚ್ಚಿ ಮತ್ತೈದು ನಿಮಿಷ ಇಟ್ಟರೆ ಆಯಿತು. ಮಗಳು ಆಮೇಲೆ ಹಾಗೆಯೂ ಮಾಡಿ ನೋಡಿದಳು. ಚೆನ್ನಾಗಿಯೇ ಇತ್ತು, ಹೊಗೆಯ ಆ ಎಳೆಯೊಂದು ಇರಲಿಲ್ಲ. ಸಕ್ಕರೆಕಾಯಿಲೆಯುಳ್ಳವರಿಗೆ ಈ ತಿನಿಸು ಹೇಳಿಸಿದ್ದಲ್ಲ. ಹಣ್ಣೂ ಸಿಹಿ, ಬೆಲ್ಲವೂ ಸಿಹಿ, ಬೆಲ್ಲವೆಂದ ಮಾತ್ರಕ್ಕೆ ದೋಷವಿಲ್ಲವೆಂಬುದು ಭ್ರಮೆ. ನಾವು ಕಾಲು ಹಣ್ಣಿಗೆ ತೃಪ್ತರಾದೆವು.

ಅಂದು ಸೋಮವಾರ. ಬೀಗಿತ್ತಿಯವರು ಸಂಜೆಯ ಪೂಜೆ ಮುಗಿಸಿ, ಒಂದು ಹಣ್ಣನ್ನು ಎಲೆಯ ಸಹಿತ ಎಡೆಮಾಡಿ ಅರ್ಪಿಸಿದರು. ಬಳಿಕ ಉಳಿದವನ್ನು ನಡುಮನೆಗೆ ತಂದು ಸಾಲಾಗಿ ಇರಿಸಿದರು. ಮೊಮ್ಮಗ ಚೂರಿ ಹಿಡಿದು ನಿಂತಿದ್ದ, ಆದರೆ ಕತ್ತರಿಸಲು ಮುಂದಾಗಲಿಲ್ಲ. ಅಜ್ಜಿಯ ಮುಖವನ್ನೇ ನೋಡುತ್ತಿದ್ದ. ಅವರು ನೆಲದ ಮೇಲೆ ಕುಳಿತು ಬಾಯಿ ತೆರೆದರು. ಮಾತೇನೂ ಇಲ್ಲ. ಕೂಸು ಒಂದು ತುಂಡು ಕತ್ತರಿಸಿ, ಬಿಸಿಯೆಂದು ಊದಿ, ಬಾಯಲ್ಲಿಟ್ಟಿತು. ಹಲ್ಲು ಕಡಿಮೆಯಾದ ಅವರಿಗೆ ಅಗಿಯುವ ಕಷ್ಟವೂ ಇರಲಿಲ್ಲ. "ಇದರಾಗ ಮತ್ತ ಏನೇನ ಹಾಕಿದ್ದಿ?" ಎಂದು ಅಜ್ಜಿ ಕೇಳಿದ್ದೇ ತಡ, ತಾನೇ ಮಾಡಿದವನಂತೆ ಅವನು ಕಾಯಿ, ಬೆಲ್ಲ, ಎಳ್ಳು ಎಂದು ಎಣಿಸತೊಡಗಿದ.

ನೆರೆಮನೆಯವರು ಆಗಲೇ ಸೆರಗಿಗೆ ಕೈ ಒರೆಸಿಕೊಂಡು ಹಿಂಬಾಗಿಲಿನತ್ತ ಹೊರಟಿದ್ದರು. ಬೀಗಿತ್ತಿಯವರು ಅವರನ್ನು ಕೂಗಿ ಕರೆದು, ಲಿಂಗಕ್ಕೆ ಅರ್ಪಿಸಿದ್ದ ಆ ಹಣ್ಣನ್ನೇ ಎರಡು ಮಾಡಿ, ಒಂದು ಪಾಲನ್ನು ತಮ್ಮ ಕೈಯಾರೆ ಅವರ ಕೈಗಿತ್ತು, ಇನ್ನೊಂದು ಪಾಲನ್ನು ಅವರ ಪಕ್ಕದಲ್ಲಿಯೇ ಕುಳಿತು ತಾವು ತೆಗೆದುಕೊಂಡರು. ಬೀಗಿತ್ತಿಯವರಿಗೆ ನಾವು ಏನನ್ನೂ ಬೋಧಿಸಿರಲಿಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸುತ್ತೇವೆ. ಆ ರಾತ್ರಿ ಪಡಸಾಲೆಯಿಂದ ಕಥೆಯ ದನಿ ಕೇಳಿಬಂದಿತು. ಅಕ್ಕಮಹಾದೇವಿ ಶ್ರೀಶೈಲದ ಕದಳಿಯ ವನಕ್ಕೆ ಹೋದ ಭಾಗ. ಕದಳಿಯೆಂದರೆ ಬಾಳೆಯೆಂದು ತಿಳಿದ ಮೊಮ್ಮಗ, ಅಲ್ಲಿ ನೇಂದ್ರಬಾಳೆ ಇತ್ತೇ ಎಂದು ಕೇಳುತ್ತಿದ್ದ. ವಚನಕಾರರ ಕದಳಿಗೆ ಇರುವ ಬೇರೆ ಅರ್ಥಗಳನ್ನು ಎಂಟು ವರ್ಷದವನಿಗೆ ಹೇಳುವ ಅವಸರವೇನೂ ಅಜ್ಜಿಗೆ ಇದ್ದಂತೆ ಕಾಣಲಿಲ್ಲ. ಇತ್ತು ಎಂದರು.

ಬೀಗಿತ್ತಿಯವರು ಊರಿಗೆ ಹೊರಟ ದಿನ ನೆರೆಮನೆಯವರು ನಾಲ್ಕು ಎಲೆಯ ಅರಿಶಿನದ ಗಿಡವೊಂದನ್ನು ಬುಡದ ಮಣ್ಣು ಸಹಿತ ಕಿತ್ತು, ತೆಂಗಿನ ಗರಿಯ ಬುಟ್ಟಿಯಲ್ಲಿಟ್ಟು ಕಟ್ಟಿಕೊಟ್ಟರು. ಬಸ್ಸಿನಲ್ಲಿ ಅದನ್ನು ಮಡಿಲಿನಿಂದ ಇಳಿಸಲಿಲ್ಲವಂತೆ. ಬಚ್ಚಲ ನೀರು ಹರಿಯುವ ಕಡೆ ನೆಟ್ಟಿದ್ದಾರೆ. ಎರಡು ಎಲೆ ಬಾಡಿ ಒಂದು ಹೊಸತು ಬಂದಿದೆಯೆಂದು ದೂರವಾಣಿಯಲ್ಲಿ ತಿಳಿಸಿದರು, ನಮಗಲ್ಲ, ನೆರೆಮನೆಯವರಿಗೆ.